ಮುಚ್ಚಳ, ರಟ್ಟು, ಗೋಣಿ: ಎಸೆದ ವಸ್ತು ಕಲಾಕೃತಿಯಾಗುವ ಬಗೆ

ದೂರದಿಂದ ನೋಡಿದರೆ ಗೋಡೆಗೆ ಜರತಾರಿ ಬಟ್ಟೆಯೊಂದನ್ನು ಇಳಿಬಿಟ್ಟ ಹಾಗಿರುತ್ತದೆ. ಉದ್ದಕ್ಕೂ ಬಂಗಾರದ ಬಣ್ಣ, ನಡುವೆ ಕೆಂಪಿನ ಪಟ್ಟಿ, ಅಲ್ಲಲ್ಲಿ ಕಪ್ಪು, ತನ್ನದೇ ಭಾರಕ್ಕೆ ಬಿದ್ದ ನೆರಿಗೆ. ಒಂದು ಮೊಳದಷ್ಟು ಹತ್ತಿರ ಹೋದರೆ ಬಟ್ಟೆ ಮಾಯವಾಗಿ ಮದ್ಯದ ಬಾಟಲಿಗಳ ಅಲ್ಯುಮಿನಿಯಂ ಮುಚ್ಚಳಗಳು ಕಾಣತೊಡಗುತ್ತವೆ. ಕೆಲವನ್ನು ಬಡಿದು ಚಪ್ಪಟೆ ಮಾಡಿದ್ದಾರೆ, ಕೆಲವನ್ನು ಮಡಚಿದ್ದಾರೆ, ಕೆಲವನ್ನು ಹಿಂಡಿ ಗಂಟು ಮಾಡಿದ್ದಾರೆ. ತುಂಡುಗಳ ಮೇಲೆ ಬ್ರ್ಯಾಂಡಿನ ಹೆಸರಿನ ಅರ್ಧ ಅಕ್ಷರಗಳು ಹಾಗೇ ಉಳಿದಿವೆ. ಅಂಚಿನಲ್ಲಿ ಸಣ್ಣ ತೂತು, ಆ ತೂತಿನಲ್ಲಿ ತಾಮ್ರದ ತಂತಿಯ ಒಂದು ಗಂಟು.

ಇದು ಎಲ್ ಅನಾಟ್ಸುಯಿ ಅವರ ಕೆಲಸ. ಘಾನಾದಲ್ಲಿ 1944ರಲ್ಲಿ ಹುಟ್ಟಿದ ಅವರು 1975ರಿಂದ ನೈಜೀರಿಯಾದ ನ್ಸುಕ್ಕಾ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಕಲಿಸಿದರು. ಮರ, ಒಡೆದ ಮಡಕೆ, ಮರಗೆಣಸು ತುರಿಯುವ ತಗಡುಗಳಲ್ಲಿ ಕೆಲಸ ಮಾಡಿದ ಮೇಲೆ 1990ರ ದಶಕದ ಕೊನೆಯಲ್ಲಿ ಬಾಟಲಿ ಮುಚ್ಚಳಗಳ ಕಡೆ ಹೊರಳಿದರು. ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ವೆನಿಸ್ ಬಿನಾಲೆಯಲ್ಲಿ 2007ರಲ್ಲಿ ಈ ಹಾಳೆಗಳು ಜಗತ್ತಿನ ಕಣ್ಣಿಗೆ ಬಿದ್ದವು; 2015ರಲ್ಲಿ ಅದೇ ಬಿನಾಲೆ ಜೀವಮಾನದ ಸಾಧನೆಗೆ ಗೋಲ್ಡನ್ ಲಯನ್ ಪ್ರಶಸ್ತಿ ಕೊಟ್ಟಿತು. 2023ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ಟರ್ಬೈನ್ ಹಾಲ್‌ನಲ್ಲಿ ಇಂಥವೇ ದೈತ್ಯ ಹಾಳೆಗಳು ತೂಗಿದವು.

ಈ ಕೃತಿಗಳ ಮುಂದೆ ನಿಂತವರ ಕಣ್ಣು ಸಾಮಾನ್ಯವಾಗಿ ಮುಚ್ಚಳಗಳ ಮೇಲೇ ಇರುತ್ತದೆ. ಕೆಲಸ ಕಲಿಯಬೇಕೆನ್ನುವವರು ನೋಡಬೇಕಾದ್ದು ತಂತಿಯನ್ನು. ಇದೇ ಮುಚ್ಚಳಗಳನ್ನು ಹಲಗೆಗೆ ಅಂಟಿಸಿದ್ದರೆ ಗಟ್ಟಿ ಫಲಕವಾಗುತ್ತಿತ್ತು, ಬೆಸುಗೆ ಹಾಕಿದ್ದರೆ ತಗಡಾಗುತ್ತಿತ್ತು. ಸಡಿಲವಾಗಿ ತಂತಿ ಕಟ್ಟಿದ್ದರಿಂದಲೇ ಲೋಹಕ್ಕೆ ಬಟ್ಟೆಯ ಗುಣ ಬಂತು. ಮಡಚಿ ಪೆಟ್ಟಿಗೆಯಲ್ಲಿಟ್ಟು ಸಾಗಿಸಬಹುದು, ಪ್ರತಿ ಗೋಡೆಯ ಮೇಲೂ ಬೇರೆ ನೆರಿಗೆ ಕೊಟ್ಟು ತೂಗುಹಾಕಬಹುದು. ಅನಾಟ್ಸುಯಿ ಆ ಸ್ವಾತಂತ್ರ್ಯವನ್ನು ತೂಗುಹಾಕುವವರಿಗೇ ಬಿಡುತ್ತಾರೆ. ಎಸೆದ ವಸ್ತುವಿನ ಕಲೆಯಲ್ಲಿ ಕೃತಿಯ ಅಂದ ಮತ್ತು ಆಯುಸ್ಸು ಎರಡನ್ನೂ ತೀರ್ಮಾನಿಸುವುದು ಜೋಡಣೆ. ಮುಂದಿನ ಮಾತೆಲ್ಲ ಅದರ ಸುತ್ತಲೇ.

ಮೈವಳಿಕೆ ಎಂದರೆ ನೆರಳಿನ ಲೆಕ್ಕ

ಟೆಕ್ಸ್ಚರ್ ಎನ್ನುವುದಕ್ಕೆ ಕಲಾಶಾಲೆಯ ಕನ್ನಡದಲ್ಲಿ ಮೈವಳಿಕೆ ಎನ್ನುತ್ತಾರೆ. ಕೈಗೆ ಅದು ಉಬ್ಬುತಗ್ಗು, ಕಣ್ಣಿಗೆ ನೆರಳು. ಮೇಲ್ಮೈಯಿಂದ 2 ಮಿ.ಮೀ. ಎತ್ತರ ಎದ್ದ ಅಂಚೊಂದರ ಮೇಲೆ ಬೆಳಕು 60 ಡಿಗ್ರಿ ಕೋನದಲ್ಲಿ ಬಿದ್ದರೆ ನೆರಳು ಸುಮಾರು 1.2 ಮಿ.ಮೀ. ಮಾತ್ರ. ಅದೇ ಬೆಳಕು ಮೇಲ್ಮೈಗೆ 15 ಡಿಗ್ರಿಯಷ್ಟು ವಾಲಿ ಬಂದರೆ ನೆರಳು 7.5 ಮಿ.ಮೀ. ಆಗುತ್ತದೆ. ಅದೇ ವಸ್ತು, ಆರು ಪಟ್ಟು ನೆರಳು. ಹಾಗಾಗಿ ಕೆಲಸ ಮಾಡುವಾಗಲೇ ಪಕ್ಕದಿಂದ ಬೀಳುವ ಒಂದು ದೀಪ ಇರಬೇಕು. ತಲೆಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಮಾತ್ರ ನೋಡಿಕೊಂಡು ಮಾಡಿದವರು ಉಬ್ಬು ಸಾಲದೆಂದು ವಸ್ತುವಿನ ಮೇಲೆ ವಸ್ತು ಹೇರುತ್ತಾ ಹೋಗುತ್ತಾರೆ. ಕೊನೆಗೆ ಎಲ್ಲ ಕಡೆ ಒಂದೇ ಗದ್ದಲವಾಗಿ ಕಣ್ಣಿಗೆ ನಿಲ್ಲಲು ಜಾಗ ಇರುವುದಿಲ್ಲ. ದಟ್ಟ ಮೈವಳಿಕೆ ಎದ್ದು ಕಾಣುವುದು ಪಕ್ಕದಲ್ಲಿ ಒಂದಿಷ್ಟು ಸಮತಟ್ಟು ಇದ್ದಾಗಲೇ.

ಇನ್ನೊಂದು ವಿಷಯ ಪುನರಾವರ್ತನೆ. ಹತ್ತು ಬಗೆಯ ಹತ್ತು ವಸ್ತು ತಂದಿಟ್ಟರೆ ಅದು ಗುಜರಿಯ ರಾಶಿಯಾಗಿಯೇ ಕಾಣುತ್ತದೆ. ಒಂದೇ ಬಗೆಯ ಐನೂರು ತುಂಡು, ಅದರಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಇದ್ದರೆ ಕಣ್ಣು ಅದನ್ನು ಒಂದೇ ಮೈ ಎಂದು ಓದುತ್ತದೆ. ಮೊದಲ ಕೃತಿಗೆ ಒಂದು ಮುಖ್ಯ ವಸ್ತು, ಹೆಚ್ಚೆಂದರೆ ಎರಡು ಪೋಷಕ ವಸ್ತು ಸಾಕು.

ಹಿಂದೆ ಯಾರು ಹೇಗೆ ಜೋಡಿಸಿದರು

1912ರಲ್ಲಿ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆಯನ್ನು ಅಚ್ಚು ಹಾಕಿದ್ದ ಮೇಣಬಟ್ಟೆಯ ತುಂಡನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟು ಮಾಡಿದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಕುರ್ಟ್ ಶ್ವಿಟರ್ಸ್ ಬಸ್ ಟಿಕೆಟ್ಟು, ಹೊದಿಕೆ ಕಾಗದ, ಮರದ ಚೂರುಗಳನ್ನು ಕೂಡಿಸಿ ಮಾಡಿದ ಕೆಲಸಕ್ಕೆ ‘ಮೆರ್ಜ್’ ಎಂದು ಹೆಸರಿಟ್ಟರು. ಹರಿದ ಕಾಗದವೊಂದರಲ್ಲಿದ್ದ ‘ಕೊಮೆರ್ಜ್’ ಎಂಬ ಪದದ ಚೂರು ಅದು. ಇವರದೆಲ್ಲ ಅಂಟಿನ ಜೋಡಣೆ.

ಇಟಲಿಯ ಅಲ್ಬೆರ್ಟೊ ಬುರ್ರಿ ವೈದ್ಯರಾಗಿದ್ದವರು. ಯುದ್ಧಕೈದಿಯಾಗಿ ಅಮೆರಿಕದ ಟೆಕ್ಸಾಸ್‌ನ ಶಿಬಿರದಲ್ಲಿದ್ದಾಗ ಚಿತ್ರ ಬಿಡಿಸತೊಡಗಿದರು, ಮುಂದೆ ಹಳೆಯ ಗೋಣಿಚೀಲಗಳನ್ನೇ ಹರಿದು ಹೊಲಿದು ಚೌಕಟ್ಟಿಗೆ ಬಿಗಿದರು. ಅವರ ಗೋಣಿ ಕೃತಿಗಳಲ್ಲಿ ಹೊಲಿಗೆ ಅಡಗುವುದಿಲ್ಲ. ಗಾಯಕ್ಕೆ ಹಾಕಿದ ಹೊಲಿಗೆಯಂತೆ ಎದ್ದೇ ಕಾಣುತ್ತದೆ. 1968ರ ಭೂಕಂಪದಲ್ಲಿ ನೆಲಸಮವಾದ ಸಿಸಿಲಿಯ ಜಿಬೆಲ್ಲಿನಾ ಊರಿನ ಅವಶೇಷಗಳ ಮೇಲೆ ಅವರು 1984ರಿಂದ ಬಿಳಿ ಕಾಂಕ್ರೀಟು ಹೊದಿಸಿದರು. ಹಳೆಯ ಬೀದಿಗಳ ಜಾಗದಲ್ಲಿ ಆಳವಾದ ಬಿರುಕುಗಳನ್ನು ಬಿಟ್ಟರು. ಒಂದು ಊರಿನ ಕಲ್ಲುಮಣ್ಣೇ ಅಲ್ಲಿ ವಸ್ತು. ಅಮೆರಿಕದ ಲೂಯಿಸ್ ನೆವೆಲ್ಸನ್ ಹಾದಿಬದಿಯ ಮರದ ತುಂಡು, ಕುರ್ಚಿಯ ಕಾಲು, ಮೆಟ್ಟಿಲ ಕಂಬಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿ, ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿ, ಎಲ್ಲಕ್ಕೂ ಒಂದೇ ಕಪ್ಪು ಬಳಿದರು. 1958ರ ‘ಸ್ಕೈ ಕೆಥೀಡ್ರಲ್’ ಹಾಗೆ ಆದದ್ದು. ಚಂಡೀಗಢದ ರಾಕ್ ಗಾರ್ಡನ್‌ನಲ್ಲಿ ನೇಕ್‌ಚಂದ್ ಒಡೆದ ಪಿಂಗಾಣಿ, ಬಳೆಚೂರುಗಳನ್ನು ಸಿಮೆಂಟು ಹಸಿಯಿರುವಾಗಲೇ ಕೂರಿಸಿದರು. 1976ರಲ್ಲಿ ಅದು ಜನರಿಗೆ ತೆರೆಯಿತು. ಅಂಟು, ಹೊಲಿಗೆ, ಪೆಟ್ಟಿಗೆ, ಗಾರೆ, ತಂತಿ: ಜೋಡಣೆ ಬದಲಾದಾಗಲೆಲ್ಲ ಕಲೆಯ ಭಾಷೆಯೇ ಬದಲಾಗಿದೆ.

ಯಾವುದನ್ನು ಒಳಗೆ ತರಬಾರದು

ಆರಿಸುವ ಹಂತದಲ್ಲೇ ಬಿಡಬೇಕಾದವು ಕೆಲವಿವೆ. ಹಳೆಯ ಬಣ್ಣ ಚಕ್ಕೆ ಏಳುತ್ತಿರುವ ಬಾಗಿಲು, ಕಿಟಕಿಗಳಲ್ಲಿ ಸೀಸ ಇರಬಹುದು. ಅದನ್ನು ಮರಳುಕಾಗದದಿಂದ ಉಜ್ಜಲೇಬಾರದು. ಕಲ್ನಾರಿನ ಶೀಟು, ಬ್ಯಾಟರಿ, ಹಳೆಯ ಡಬ್ಬಿ ಟಿವಿಯ ಗಾಜು ಬೇಡ. ಸಾಗಣೆಯ ಮರದ ಪ್ಯಾಲೆಟ್‌ಗಳ ಮೇಲೆ ಮುದ್ರೆ ಇರುತ್ತದೆ: ಎಚ್‌ಟಿ ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ಬಳಸಬಹುದು, ಎಂಬಿ ಎಂದಿದ್ದರೆ ಮೀಥೈಲ್ ಬ್ರೊಮೈಡ್ ಅನಿಲ ಹಾಯಿಸಿದ್ದು, ಬಿಟ್ಟುಬಿಡಿ.

ಬಟ್ಟೆ, ಗೋಣಿ, ಮರಕ್ಕೆ ಹುಳುವಿನ ಭಯ. ಸಣ್ಣ ತುಂಡುಗಳಾದರೆ ಪಾಲಿಥೀನ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ವಸ್ತುವಿನ ಮೇಲೆ ಗಾಳಿಯ ತೇವ ಕೂತು ಬೂಷ್ಟು ಹಿಡಿಯುತ್ತದೆ. ಮುಚ್ಚಳ, ಡಬ್ಬಿಗಳನ್ನು ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಸಿಹಿಯ ಅಂಟು ಉಳಿದರೆ ಇರುವೆ ಬರುತ್ತವೆ. ಎಣ್ಣೆಯ ಪಸೆ ಉಳಿದರೆ ಅಂಟು ಕಚ್ಚುವುದಿಲ್ಲ.

ರಟ್ಟು ಮತ್ತು ಕಾಗದ

ಕಲಿಯಲು ರಟ್ಟಿನ ಪೆಟ್ಟಿಗೆಗಿಂತ ಒಳ್ಳೆಯ ವಸ್ತು ಇಲ್ಲ. ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆಅಲೆಯಾದ ಮತ್ತೊಂದು ಹಾಳೆ: ಮೈವಳಿಕೆ ಅದರೊಳಗೇ ಅಡಗಿ ಕೂತಿದೆ. ಮೇಲಿನ ಹಾಳೆಯನ್ನು ಒದ್ದೆ ಸ್ಪಂಜಿನಿಂದ ಒರೆಸಿ ಎರಡು ಮೂರು ನಿಮಿಷ ಬಿಟ್ಟು, ಮೂಲೆಯಿಂದ ಅಲೆಗಳ ಉದ್ದಕ್ಕೆ ನಿಧಾನವಾಗಿ ಸುಲಿದರೆ ಒಳಗಿನ ಏಣುಗಳು ಹೊರಬರುತ್ತವೆ. ಅಡ್ಡಡ್ಡ ಸುಲಿದರೆ ಏಣುಗಳೂ ಕಿತ್ತುಬರುತ್ತವೆ. ಅಲ್ಲಲ್ಲಿ ಅರ್ಧ ಸುಲಿದು ಬಿಟ್ಟ ಜಾಗವೇ ಅನೇಕ ಸಲ ಎಲ್ಲಕ್ಕಿಂತ ಚೆನ್ನಾಗಿರುತ್ತದೆ. ಇನ್ನೊಂದು ವಿಧಾನದಲ್ಲಿ ರಟ್ಟನ್ನು ಅಲೆಗಳಿಗೆ ಅಡ್ಡಲಾಗಿ 2 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಕತ್ತರಿಸಿದ ಅಂಚು ಮೇಲೆ ಬರುವಂತೆ ನಿಲ್ಲಿಸಿ ಒಂದಕ್ಕೊಂದು ಅಂಟಿಸಿದರೆ ಜೇನುಗೂಡಿನಂಥ ಮೈ ಸಿಗುತ್ತದೆ. ಪಟ್ಟಿಗಳ ಅಗಲವನ್ನು 1ರಿಂದ 4 ಸೆಂ.ಮೀ. ತನಕ ಬದಲಿಸಿದರೆ ಗುಡ್ಡ ಕಣಿವೆಗಳೇ ಏಳುತ್ತವೆ.

ರಟ್ಟಿನ ದೊಡ್ಡ ಕಾಟ ಬಾಗುವುದು. ಒಂದೇ ಕಡೆ ಅಂಟು ಅಥವಾ ಬಣ್ಣ ಬಳಿದರೆ ಆ ಕಡೆಯ ನಾರು ಮೊದಲು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಇಡೀ ಹಾಳೆಯನ್ನು ತನ್ನತ್ತ ಎಳೆಯುತ್ತದೆ. ಪರಿಹಾರ ಸುಲಭ. ಕೆಲಸಕ್ಕೆ ಮುಂಚೆಯೇ ಪಿವಿಎ ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ಎರಡೂ ಬದಿಗೆ ತೆಳ್ಳಗೆ ಬಳಿದು, ಪ್ಲಾಸ್ಟಿಕ್ ಹಾಳೆಗಳ ನಡುವೆ ಭಾರ ಹೇರಿ ಒಂದು ರಾತ್ರಿ ಇಟ್ಟು, ಆಮೇಲೆ ಗಾಳಿಗೆ ಒಣಗಿಸಿ. ಸುಲಿದ ಏಣುಗಳ ಮೇಲೆ ಭಾರ ಹೇರಬಾರದು, ಚಪ್ಪಟೆಯಾಗುತ್ತವೆ. ಭಾರ ಇಟ್ಟು ಒಣಗಿಸುವ ಕೆಲಸ ಸುಲಿಯುವ ಮುಂಚೆ ಮುಗಿದಿರಬೇಕು.

ಲಾಸ್ ಏಂಜಲೀಸ್‌ನ ಕಲಾವಿದ ಮಾರ್ಕ್ ಬ್ರಾಡ್‌ಫರ್ಡ್ ಬೀದಿಯ ಪೋಸ್ಟರುಗಳನ್ನು ಪದರ ಪದರವಾಗಿ ಅಂಟಿಸಿ, ನಡುವೆ ಹಗ್ಗ ಹುದುಗಿಸಿ, ಆಮೇಲೆ ಯಂತ್ರದಿಂದ ಉಜ್ಜಿ ಒಳಗಿನ ಬಣ್ಣಗಳನ್ನು ಹೊರತೆಗೆಯುತ್ತಾರೆ. ಇದನ್ನೇ ಸಣ್ಣ ಅಳತೆಯಲ್ಲಿ ಹಳೆಯ ಮ್ಯಾಗಜೀನುಗಳಿಂದ ಮಾಡಬಹುದು. ಹತ್ತು ಪದರ ಅಂಟಿಸಿ. ನಾಲ್ಕನೆಯದರ ಮೇಲೆ 1 ಮಿ.ಮೀ. ದಪ್ಪದ ದಾರವನ್ನು ಬೇಕಾದ ರೇಖೆಯಲ್ಲಿ ಕೂರಿಸಿ ಉಳಿದ ಪದರಗಳನ್ನು ಮುಂದುವರಿಸಿ. ಎರಡು ದಿನ ಒಣಗಿದ ಮೇಲೆ 80ನೇ ನಂಬರಿನ ಮರಳುಕಾಗದ, ಆಮೇಲೆ 120. ದಾರ ಇರುವ ಕಡೆ ಉಬ್ಬಿದ್ದರಿಂದ ಅಲ್ಲಿ ಮೊದಲು ಸವೆದು ಒಳಗಿನ ಬಣ್ಣಗಳು ಗೆರೆಯಾಗಿ ಏಳುತ್ತವೆ. ಹಸಿಯಿರುವಾಗ ಉಜ್ಜಿದರೆ ಕಾಗದ ಉಂಡೆ ಉಂಡೆಯಾಗಿ ಎದ್ದು ಎಲ್ಲ ಹಾಳು. ಪತ್ರಿಕೆಯ ಕಾಗದವನ್ನು ಮಾತ್ರ ಮೇಲಿನ ಪದರವಾಗಿ ನಂಬಬೇಡಿ. ಅದರಲ್ಲಿರುವ ಮರದ ಲಿಗ್ನಿನ್ ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ. ಒಳಪದರಕ್ಕೆ ಸರಿ.

ಗೋಣಿ, ಹಳೆಯ ಬಟ್ಟೆ

ಜೀನ್ಸ್‌ನ ದಪ್ಪ ಹೊಲಿಗೆ, ಸೊಂಟಪಟ್ಟಿ, ಜೇಬಿನ ಅಂಚುಗಳನ್ನು ಎಸೆಯಬೇಡಿ, ಉಬ್ಬು ಇರುವುದೇ ಅಲ್ಲಿ. ಬಟ್ಟೆಯನ್ನು ಒಂದಕ್ಕೆ ಒಂದು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ, ಹಿಂಡಿ, ಹಲಗೆಯ ಮೇಲೆ ನೆರಿಗೆ ಕೊಟ್ಟು ಗುಂಡುಪಿನ್ನಿನಿಂದ ಹಿಡಿಸಬೇಕು. 24ರಿಂದ 48 ಗಂಟೆಯಲ್ಲಿ ನೆರಿಗೆ ಗಟ್ಟಿಯಾಗುತ್ತದೆ. ಪಿನ್ನು ತುಕ್ಕು ಹಿಡಿಯುವ ಕಬ್ಬಿಣದ್ದಾದರೆ ಬಟ್ಟೆಯ ಮೇಲೆ ಕಂದು ಚುಕ್ಕೆ ಉಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದು ಬಳಸಿ. ಗೋಣಿ ಅಂಟನ್ನು ಹೀರುವ ಪರಿ ನೋಡಿಯೇ ನಂಬಬೇಕು. ಒಂದು ಕೋಟಿಂಗ್ ಹಾಕಿ ಒಣಗಿಸಿ, ಆಮೇಲೆ ಅಂಟಿಸಿದರೆ ಮಾತ್ರ ಹಿಡಿಯುತ್ತದೆ. ಇನ್ನೂ ಮೇಲು ಹೊಲಿಗೆ: ಹಲಗೆಯ ಅಂಚಿಗೆ ಸುತ್ತಿ ಹಿಂದೆ ಸ್ಟೇಪಲ್ ಹೊಡೆದು, ಮುಂದೆ ತೇಪೆಗಳನ್ನು ಸೂಜಿಯಿಂದ ಹೊಲಿಯಿರಿ.

ಲೋಹದ ಹಾಳೆ: ಒಂದು ಚದರ ಮೀಟರಿನ ಲೆಕ್ಕ

ತಂತಿಯಿಂದ ಹೆಣೆದ ಲೋಹದ ಹಾಳೆಗೆ ಎಷ್ಟು ದುಡಿಮೆ ಬೇಕೆಂದು ಮೊದಲೇ ಲೆಕ್ಕ ಹಾಕದವರು ಅರ್ಧಕ್ಕೇ ಕೈಬಿಡುತ್ತಾರೆ. ಪಾನೀಯದ ಅಲ್ಯುಮಿನಿಯಂ ಡಬ್ಬಿಗಳನ್ನು ತೆಗೆದುಕೊಳ್ಳೋಣ. ಮೇಲೆ ಕೆಳಗೆ ಕತ್ತರಿಸಿ ಬಿಡಿಸಿದರೆ ಸುಮಾರು 20 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲದ ಹಾಳೆ ಸಿಗುತ್ತದೆ. ದಪ್ಪ ಸುಮಾರು 0.1 ಮಿ.ಮೀ. ಅಷ್ಟೇ, ಸಾಮಾನ್ಯ ಕತ್ತರಿಯೇ ಸಾಕು; ಅಂಚು ಮಾತ್ರ ಬ್ಲೇಡಿನಷ್ಟು ಹರಿತ, ಕೈಗವಸು ಬೇಕೇ ಬೇಕು. ಒಂದು ಡಬ್ಬಿಯಿಂದ 36 ಮಿ.ಮೀ. ಚೌಕದ 10 ತುಂಡು ಬರುತ್ತವೆ. ನಾಲ್ಕೂ ಅಂಚನ್ನು 3 ಮಿ.ಮೀ. ಒಳಕ್ಕೆ ಮಡಚಿದರೆ 30 ಮಿ.ಮೀ. ಚೌಕ ಉಳಿಯುತ್ತದೆ. ಈ ಮಡಿಕೆ ಕೈಯನ್ನೂ ಕಾಯುತ್ತದೆ, ತೂತಿನ ಜಾಗವನ್ನು ಇಮ್ಮಡಿ ದಪ್ಪವೂ ಮಾಡುತ್ತದೆ.

ಪಕ್ಕದ ತುಂಡುಗಳು 5 ಮಿ.ಮೀ. ಒಂದರ ಮೇಲೊಂದು ಕೂರಲಿ. ಆಗ ಪ್ರತಿ ತುಂಡಿಗೆ ದಕ್ಕುವ ಜಾಗ 25 ಮಿ.ಮೀ. ಒಂದು ಮೀಟರಿಗೆ 40, ಚದರ ಮೀಟರಿಗೆ 1600 ತುಂಡು, ಅಂದರೆ 160 ಡಬ್ಬಿ. ಪ್ರತಿ ಬದಿಯ ನಡುವೆ ಒಂದು ಜೋಡಣೆಯಂತೆ 3120 ಗಂಟು. ಗಂಟೊಂದಕ್ಕೆ 8 ಸೆಂ.ಮೀ. ತಂತಿ ಎಂದರೆ ಸುಮಾರು 250 ಮೀಟರ್. ಗಂಟಿಗೆ ಒಂದೊಂದು ನಿಮಿಷ ಹಿಡಿದರೂ 52 ಗಂಟೆ, ಅದೂ ಕತ್ತರಿಸಿ ಮಡಚುವ ಕೆಲಸ ಬಿಟ್ಟು. ಇಷ್ಟೆಲ್ಲ ಮಾಡಿದ ಮೇಲೆ ಹಾಳೆಯ ತೂಕ ಒಂದು ಕಿಲೋ ಆಸುಪಾಸು.

ತೂತು ಹಾಕಲು ಮರದ ದಿಮ್ಮಿಯ ಮೇಲಿಟ್ಟು 1.5 ಮಿ.ಮೀ. ಮೊಳೆಯಿಂದ ಒಂದೇ ಪೆಟ್ಟು. ತೂತು ಮಡಿಕೆಯ ಮೇಲೇ ಬೀಳಬೇಕು, ತಪ್ಪಿದರೆ ನೇತಾಡುವ ಭಾರಕ್ಕೆ ಹರಿಯುತ್ತದೆ. ತಂತಿ 0.4ರಿಂದ 0.5 ಮಿ.ಮೀ. ತಾಮ್ರದ್ದು. ಕೆಟ್ಟ ಮೋಟಾರಿನ ಸುರುಳಿಯಿಂದ ಬಿಚ್ಚಿದ್ದು ಸಿಕ್ಕರೆ ಬಹಳ ಒಳ್ಳೆಯದು, ಅದರ ಮೇಲೆ ವಾರ್ನಿಷಿನ ಲೇಪ ಇರುತ್ತದೆ. ಬರಿಯ ತಾಮ್ರ ಮತ್ತು ಅಲ್ಯುಮಿನಿಯಂ ತಾಗಿಕೊಂಡು, ಮೇಲೆ ಉಪ್ಪಿನಂಶದ ತೇವ ಕೂತರೆ ಸಣ್ಣ ಬ್ಯಾಟರಿಯೇ ಆಗಿಬಿಡುತ್ತದೆ. ತೂತಿನ ಸುತ್ತ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಒಣ ಕೋಣೆಯಲ್ಲಿ ಈ ಭಯವಿಲ್ಲ. ಕಡಲತೀರದಲ್ಲಿ ಅಥವಾ ಹೊರಾಂಗಣದಲ್ಲಿ ತಾಮ್ರ ಬಿಟ್ಟು ಅಲ್ಯುಮಿನಿಯಂ ತಂತಿಯನ್ನೇ ಬಳಸಿ.

ತಂತಿಯನ್ನು ಎರಡು ಸುತ್ತು ಹಾಯಿಸಿ, ಇಕ್ಕಳದಿಂದ ಮೂರು ತಿರುವು ಕೊಟ್ಟು, 4 ಮಿ.ಮೀ. ಬಿಟ್ಟು ಕತ್ತರಿಸಿ, ತುದಿಯನ್ನು ಹಿಂಬದಿಗೆ ಮಡಚಿ. ಐದಾರು ತಿರುವು ಕೊಟ್ಟರೆ ತಾಮ್ರ ಗಡುಸಾಗಿ ಬುಡದಲ್ಲೇ ತುಂಡಾಗುತ್ತದೆ. ತಿರುವು ಬಿಗಿಯಾಗಿರಲಿ, ಆದರೆ ತುಂಡುಗಳ ನಡುವೆ 1 ಮಿ.ಮೀ. ಆಡಲು ಜಾಗ ಇರಲಿ. ಹಾಳೆಗೆ ನೆರಿಗೆ ಬರುವುದು ಆ ಒಂದು ಮಿಲಿಮೀಟರಿನಿಂದಲೇ. 10 ಸಾಲು 10 ತುಂಡಿನ ಬ್ಲಾಕುಗಳನ್ನು ಬೇರೆ ಬೇರೆ ಕಟ್ಟಿಕೊಂಡು, 16 ಬ್ಲಾಕುಗಳನ್ನು ನೆಲದ ಮೇಲೆ ಹರಡಿ ಜಾಗ ಬದಲಿಸಿ ನೋಡಿ, ಮನಸ್ಸಿಗೆ ಒಪ್ಪಿದ ಮೇಲೆ ಸೇರಿಸುವುದು ಸರಿಯಾದ ಕ್ರಮ. ಅನಾಟ್ಸುಯಿ ಅವರ ಕಾರ್ಯಾಗಾರದಲ್ಲೂ ಸಹಾಯಕರು ತೇಪೆಗಳನ್ನು ಹೆಣೆಯುತ್ತಾರೆ, ಜೋಡಣೆಯ ತೀರ್ಮಾನ ನೆಲದ ಮೇಲೆ ಆಗುತ್ತದೆ.

ಕಬ್ಬಿಣದ ತುಂಡುಗಳ ತುಕ್ಕು ಚೆಂದ ಕಾಣುವುದು ನಿಜ. ಸಡಿಲ ತುಕ್ಕನ್ನು ತಂತಿಬ್ರಷ್‌ನಿಂದ ತೆಗೆದು, ನೀರಿಲ್ಲದ ವಾರ್ನಿಷ್ ಒಂದು ಕೋಟ್ ಹೊಡೆದ ಮೇಲಷ್ಟೇ ನೀರು ಬೆರೆಯುವ ಅಕ್ರಿಲಿಕ್ ಬಣ್ಣ ತಾಗಿಸಿ. ನೇರವಾಗಿ ಬಳಿದರೆ ಬಣ್ಣದಲ್ಲಿರುವ ನೀರೇ ಹೊಸ ತುಕ್ಕು ಎಬ್ಬಿಸಿ ಬೆಳಗಾಗುವಷ್ಟರಲ್ಲಿ ಕಂದು ಕಲೆ ಮೇಲೆ ಬರುತ್ತದೆ.

ಪ್ಲಾಸ್ಟಿಕ್ ಬಗ್ಗೆ ಎರಡೇ ಮಾತು. ತ್ರಿಕೋನದೊಳಗೆ 2, 4, 5 ಎಂದಿರುವ ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳಿಗೆ ಮಾಮೂಲಿ ಅಂಟು ಹಿಡಿಯುವುದಿಲ್ಲ. ಹೊಲಿಯಿರಿ ಇಲ್ಲವೇ ಸ್ಕ್ರೂ ಹಾಕಿ. 3 ಎಂದಿರುವ ಪಿವಿಸಿಯನ್ನು ಕಾಯಿಸಿದರೆ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ, ಬೆಂಕಿಯ ಹತ್ತಿರವೇ ಒಯ್ಯಬಾರದು.

ಅಂಟು ಎಲ್ಲಿ ಕೈಕೊಡುತ್ತದೆ

ಬಿಳಿ ಅಂಟು ಗಟ್ಟಿಯಾಗುವುದು ಅದರ ನೀರು ಹೊರಹೋದಾಗ. ಅಂಟಿಸುವ ಎರಡರಲ್ಲಿ ಒಂದಾದರೂ ನೀರು ಹೀರುವಂಥದ್ದು ಇರಬೇಕು: ಕಾಗದ, ಬಟ್ಟೆ, ಮರ. ಲೋಹಕ್ಕೆ ಲೋಹ ಅಂಟಿಸಿದರೆ ಅಂಚು ಒಣಗಿ ನಡುವೆ ವಾರಗಟ್ಟಲೆ ಹಾಲಿನಂತೆ ಹಸಿಯಾಗಿಯೇ ಇರುತ್ತದೆ. ಲೋಹ, ಗಾಜು, ಪಿಂಗಾಣಿಗೆ ಎರಡು ಟ್ಯೂಬಿನ ಎಪಾಕ್ಸಿ ಬೇಕು. 120ನೇ ಮರಳುಕಾಗದದಿಂದ ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿ, ಪ್ಯಾಕಿನ ಮೇಲಿರುವ ಪ್ರಮಾಣದಲ್ಲೇ ಕಲಸಿ. ಬೇಗ ಗಟ್ಟಿಯಾಗಲೆಂದು ಒಂದು ಭಾಗ ಹೆಚ್ಚು ಹಾಕಿದರೆ ಅಂಟು ಜಿಗುಟಾಗಿಯೇ ಉಳಿದುಬಿಡುತ್ತದೆ. ಗ್ಲೂಗನ್ ಅಂಟು ಬಿಸಿಲಿಗೆ ಮೆತ್ತಗಾಗಿ ಭಾರದ ವಸ್ತುವನ್ನು ಬಿಟ್ಟುಕೊಡುತ್ತದೆ, ತಾತ್ಕಾಲಿಕವಾಗಿ ಹಿಡಿದಿಡಲು ಮಾತ್ರ ಸೈ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಒಣಗಿದ ಮೇಲೆ ಗಾಜಿನಂತೆ ಪೆಡಸು, ಸಾಗಿಸುವಾಗಿನ ಒಂದು ಕುಲುಕಿಗೆ ಕಳಚುತ್ತದೆ. 50 ಗ್ರಾಂಗಿಂತ ಭಾರದ ಯಾವ ವಸ್ತುವನ್ನೂ ಬರಿಯ ಅಂಟಿನ ಮೇಲೆ ಬಿಡದೆ ಹಿಂಬದಿಯಿಂದ ಸ್ಕ್ರೂ ಅಥವಾ ತಂತಿ ಕೊಡುವುದು ಕ್ಷೇಮ.

ತಳಹದಿಗೆ ಕ್ಯಾನ್ವಾಸ್ ಬೇಡ. ಬಟ್ಟೆ ಅಲುಗಿದಾಗಲೆಲ್ಲ ಗಡುಸಾದ ವಸ್ತುಗಳು ಬುಡದಲ್ಲಿ ಬಿರುಕುಬಿಡುತ್ತವೆ. 60 ಸೆಂ.ಮೀ. ಚೌಕಕ್ಕೆ 6 ಮಿ.ಮೀ. ಪ್ಲೈವುಡ್, ಹಿಂದೆ 20×40 ಮಿ.ಮೀ. ಪಟ್ಟಿಗಳ ಚೌಕಟ್ಟು, ನಡುವೆ ಒಂದು ಅಡ್ಡಪಟ್ಟಿ ಸಾಕು. ಮುಂದೆ ಹಿಂದೆ ಎರಡೂ ಕಡೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಲೇಪ) ಹಾಕಿ, ಒಂದೇ ಕಡೆ ಬಳಿದರೆ ರಟ್ಟಿನಂತೆ ಇದೂ ಬಾಗುತ್ತದೆ.

ಬಣ್ಣ, ಬೆಳಕು, ಹಿಂಬದಿಯ ಚೀಟಿ

ಬಗೆಬಗೆಯ ವಸ್ತು ಇದ್ದಾಗ ನೆವೆಲ್ಸನ್ ದಾರಿ ಒಳ್ಳೆಯದು: ಎಲ್ಲಕ್ಕೂ ಒಂದೇ ಮಂಕು ಬಣ್ಣ. ಅದು ಒಣಗಿದ ಮೇಲೆ ಎಂಟು ಪಾಲು ನೀರಿಗೆ ಒಂದು ಪಾಲು ಗಾಢ ಬಣ್ಣ ಬೆರೆಸಿ ಹರಿಯಬಿಟ್ಟು, ಎರಡು ನಿಮಿಷಕ್ಕೆ ಒರೆಸಿದರೆ ತಗ್ಗುಗಳಲ್ಲಿ ಮಾತ್ರ ನಿಲ್ಲುತ್ತದೆ. ಕೊನೆಗೆ ಬಹುತೇಕ ಒಣಗಿದ ಬ್ರಷ್‌ನಲ್ಲಿ ತಿಳಿ ಬಣ್ಣ ಹಿಡಿದು ಉಬ್ಬುಗಳ ನೆತ್ತಿಯನ್ನಷ್ಟೇ ಸವರಬೇಕು. ವಸ್ತುವಿಗೇ ಬಣ್ಣ, ಅಕ್ಷರ, ಸವಕಳಿ ಇದ್ದರೆ ಮಾತ್ರ ದಯವಿಟ್ಟು ಮುಚ್ಚಬೇಡಿ. ಬಂಗಾರದ ಸ್ಪ್ರೇ ಹೊಡೆದ ಮುಚ್ಚಳ ತಾನು ಎಲ್ಲಿಂದ ಬಂತೆಂಬ ಗುರುತನ್ನೇ ಕಳೆದುಕೊಳ್ಳುತ್ತದೆ. ಹೊಳೆಯುವ ವಾರ್ನಿಷ್ ಬೆಳಕನ್ನು ಕನ್ನಡಿಯಂತೆ ಪ್ರತಿಫಲಿಸಿ ಸಣ್ಣ ನೆರಳುಗಳನ್ನು ನುಂಗಿಬಿಡುವುದರಿಂದ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಬಳಸಿ.

ತೂಗುಹಾಕಲು ಎರಡು ಕೊಕ್ಕೆ, ಪ್ರತಿ ಅಂಚಿನಿಂದ ಅಗಲದ ಕಾಲುಭಾಗ ಒಳಗೆ. ಒಂದೇ ಕೊಕ್ಕೆಯಾದರೆ ಉಬ್ಬುಗಳ ಭಾರ ಒಂದು ಕಡೆ ಹೆಚ್ಚಿದ್ದಾಗ ಕೃತಿ ವಾಲುತ್ತದೆ. ಕೆಳಗಿನ ಮೂಲೆಗಳ ಹಿಂದೆ 1 ಸೆಂ.ಮೀ. ದಪ್ಪದ ಕಾರ್ಕು ಅಂಟಿಸಿದರೆ ಗೋಡೆಯ ತೇವ ತಾಗದೆ ಗಾಳಿ ಆಡುತ್ತದೆ. ದೀಪ ಮೇಲಿಂದ ಗೋಡೆಯನ್ನು ಸವರಿಕೊಂಡು ಇಳಿಯಲಿ. ಧೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಕೊಡವಬೇಕು. ಒದ್ದೆ ಬಟ್ಟೆ ಒರಟು ಮೈಗೆ ಸಿಕ್ಕಿ ತುಂಡುಗಳನ್ನೇ ಎಳೆಯುತ್ತದೆ.

ಹಲಗೆಯ ಹಿಂದೆ ಒಂದು ಚೀಟಿ ಅಂಟಿಸಿ: ಯಾವ ವಸ್ತು, ಯಾವ ಅಂಟು, ತಂತಿಯ ದಪ್ಪ ಎಷ್ಟು, ಯಾವ ವಾರ್ನಿಷ್, ಯಾವ ವರ್ಷ. ಪಕ್ಕದಲ್ಲೇ ಸಣ್ಣ ಲಕೋಟೆಯಲ್ಲಿ ಅದೇ ಬಣ್ಣದ ಇಪ್ಪತ್ತು ತುಂಡು, ಎರಡು ಮೀಟರ್ ತಂತಿ. ಒಂದು ಮುಚ್ಚಳ ಉದುರಿದ ದಿನ ರಿಪೇರಿಗೆ ಕೂರುವವರು ಮೊದಲು ಹುಡುಕುವುದು ಆ ಲಕೋಟೆಯನ್ನೇ.